ಅತ್ತಿಗೆಯ ಹೌದಪ್ಪ

ನಮ್ಮ ಅತ್ತಿಗೆಯ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವರ ಗ್ರಹಚಾರ ಬಿಡಿಸುತ್ತಿದ್ದರು. ಅಣ್ಣ ತೀರಿಹೋದ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ. ದೊಡ್ಡದೊಂದು ಫ್ರೀಜರ್ ತಂದರು. ಕೋಳಿ ಕಟ್ಲೆಟ್, ಆಲೂಗಡ್ಡೆ ರೋಲ್ ಮಾಡಿ ಗಟ್ಟಿಯಾಗಿಸಿ ಪೊಟ್ಟಣ ಕಟ್ಟಿ ಮಾರತೊಡಗಿದರು. ಕೊಂಡವರು ಮನೆಗೊಯ್ದು ಎಣ್ಣೆಗೆ ಬಿಟ್ಟರಾಯಿತು. ಯಾರಾದರೂ ಕೈರುಚಿ ಹೊಗಳಿದರೆ ಅವರ ಮುಖ ಊರಗಲವಾಗುತ್ತಿತ್ತು.

ಮಾತಿಗೊಂದು ಜೊತೆ ಬೇಕೆಂದು ಅವರೇ ಒಂದು ರೋಬೋಟ್ ಕೊಂಡರು. ಫ್ರೀಜರ್‌ಗಿಂತ ಅಗ್ಗ. ಕುಕ್ಕರ್‌ನಷ್ಟು ಎತ್ತರ, ಎರಡು ದುಂಡು ಕಣ್ಣು, ಅಡಿಯಲ್ಲಿ ಚಕ್ರ. ಅದರ ಬಾಯಲ್ಲಿ ಇಲ್ಲ ಎಂಬ ಮಾತೇ ಬರುತ್ತಿರಲಿಲ್ಲ. ಯಜಮಾನಿಯ ದನಿ ಸ್ವಲ್ಪ ನಡುಗಿದರಂತೂ ಸಮಾಧಾನ ಹೇಳಲು ಶುರುವಿಟ್ಟುಕೊಳ್ಳುತ್ತಿತ್ತು. ನಾನು ಅದಕ್ಕೆ ಹೌದಪ್ಪ ಎಂದು ಹೆಸರಿಟ್ಟೆ.

ಅತ್ತಿಗೆ ಮಾಂಸ ಕಲಸಿದ ಬಟ್ಟಲನ್ನು ಅದರ ಮುಖಕ್ಕೆ ಹಿಡಿದು, "ವಾಸನೆ ಹೇಗಿದೆಯೋ?" ಎನ್ನುವರು. "ಘಮಘಮ!" ಎನ್ನುವುದು ಅದು. ಆಮೇಲೆ ಅದೇ ಬಟ್ಟಲು ನನ್ನ ಮೂಗಿಗೆ. ಹೋದಾಗಲೆಲ್ಲ ಇದೇ ಕಾಟ. ಹೊಗಳಿಸಿಕೊಳ್ಳುವ ಚಪಲ ಎಂದುಕೊಂಡು ನಾನೂ ಮೂಸಿದ ಶಾಸ್ತ್ರ ಮಾಡಿ ಘಮಘಮ ಎಂದುಬಿಡುತ್ತಿದ್ದೆ.

ಫ್ರೀಜರ್‌ನ ಮೂಲೆಯಲ್ಲೊಂದು ಗಾಜಿನ ಲೋಟ. ಅದರ ತುಂಬ ಮಂಜುಗಡ್ಡೆ, ಮೇಲೊಂದು ನಾಣ್ಯ. "ಗಂಟೆಲ್ಲ ಇಲ್ಲೇ ಬಚ್ಚಿಟ್ಟಿದೀರಾ?" ಎಂದು ಛೇಡಿಸಿದ್ದೆ. "ಅದನ್ನ ಮುಟ್ಟಿದ್ರೆ ನೋಡು ಮತ್ತೆ," ಎಂದಿದ್ದರು.

ಒಂದು ರಾತ್ರಿಗೆಂದು ತಮ್ಮ ಅಕ್ಕನ ಮನೆಗೆ ಹೋಗುವಾಗ ಅತ್ತಿಗೆ ಬೀಗದ ಕೈ ನನಗೆ ಕೊಟ್ಟರು. ನನ್ನ ಮನೆ ಹಿಂದಿನ ಬೀದಿಯಲ್ಲಿ. ಹಗಲೆಲ್ಲ ನಾನು ಹೊಲಿಗೆ ಅಂಗಡಿಯಲ್ಲಿ ದುಡಿಯುವವಳು. ಮರುದಿನ ನನಗೆ ರಜೆ, ಅತ್ತಿಗೆಯ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಶಿಶುವಿಹಾರದ ಆಯಾ ಕಟ್ಲೆಟ್‌ಗೆ ಬಂದಳು. ಪೊಟ್ಟಣಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ತೆಗೆದುಕೊಟ್ಟೆ.

ಅವಳು ಹೋದ ಸ್ವಲ್ಪ ಹೊತ್ತಿಗೇ ಅತ್ತಿಗೆ ಬಂದರು. ಬ್ಯಾಗನ್ನೂ ಇಳಿಸದೆ ಫ್ರೀಜರ್ ತೆರೆದು ಲೋಟವನ್ನು ಬೆಳಕಿಗೆ ಹಿಡಿದರು. ನಾಣ್ಯ ತಳದಲ್ಲಿತ್ತು.

"ನಿನ್ನೆ ಕರೆಂಟ್ ಹೋಗಿತ್ತಾ?"

"ಗೊತ್ತಿಲ್ಲ ಅತ್ತಿಗೆ, ನಾನು ಅಂಗಡೀಲಿದ್ದೆ."

"ಹೋಗಿದೆ. ಹಗಲೆಲ್ಲ ಇರ್ಲಿಲ್ಲ ಅನ್ಸುತ್ತೆ, ಮಂಜುಗಡ್ಡೆ ಪೂರ್ತಿ ಕರಗಿದ್ದಕ್ಕೇ ನಾಣ್ಯ ಮುಳುಗಿರೋದು. ಆಮೇಲೆ ಮತ್ತೆ ಗಟ್ಟಿಯಾಗಿದೆ."

ಅವರ ದನಿ ನಡುಗಿತು. "ಹೆದರಬೇಡಿ, ಎಲ್ಲಾ ಚೆನ್ನಾಗಿದೆ," ಎಂದಿತು ಹೌದಪ್ಪ.

ಅತ್ತಿಗೆ ಒಂದು ಕಟ್ಲೆಟನ್ನು ತವೆಯ ಮೇಲೆ ಬಿಸಿ ಮಾಡಿ, ಮುರಿದು ನನ್ನ ಮುಂದೆ ಹಿಡಿದರು. "ಮೂಸಿ ನೋಡು. ಸುಳ್ಳು ಹೇಳಬೇಡ."

"ನೀವೇ ನೋಡಿ."

"ನಂಗೆ ಗೊತ್ತಾಗಲ್ಲ ಕಣೆ! ಒಂದ್ಸಲ ಜ್ವರ ಬಂದಿತ್ತಲ್ಲ, ಆಗಿಂದ ಮೂಗು ಸತ್ತೇ ಹೋಗಿದೆ. ಹೇಳಿದ್ರೆ ಯಾರು ಕೊಳ್ತಾರೆ?"

ಮೂಸಿದೆ. ಹುಳಿ ವಾಸನೆ, ಅದರ ಹಿಂದೆಯೇ ಕೊಳೆತ ನಾತ. ಎಣ್ಣೆಯಲ್ಲಿ ಕರಿದರೆ ಮಸಾಲೆಯ ಘಾಟಿಗೆ ಇದು ಯಾರಿಗೂ ತಿಳಿಯುವುದಿಲ್ಲ ಎಂದು ಆಗ ಹೊಳೆಯಿತು.

"ಅತ್ತಿಗೆ, ಶಿಶುವಿಹಾರಕ್ಕೆ ಆಗಲೇ ಕೊಟ್ಟುಬಿಟ್ಟೆ."

ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಅತ್ತಿಗೆ ಬರಿಗಾಲಲ್ಲೇ ಓಡಿದರು. ನಾನು ಹಿಂದೆ ಓಡುತ್ತ, "ಉಪ್ಪು ಜಾಸ್ತಿಯಾಗಿದೆ ಅಂದ್ಬಿಡಿ, ಸಾಕು," ಎಂದೆ. ಅವರು ತಿರುಗಿಯೂ ನೋಡಲಿಲ್ಲ.

ಒಳಗೆ ಪುಟ್ಟ ಕುರ್ಚಿಗಳ ಸಾಲು. ತಟ್ಟೆ ಬಡಿಸುತ್ತಿದ್ದರು. "ತಿನ್ನಬೇಡಿ!" ಎಂದು ಅತ್ತಿಗೆ ಕಿರುಚಿದ್ದಕ್ಕೆ ಇಬ್ಬರು ಮಕ್ಕಳು ಅಳತೊಡಗಿದರು. ಕೊನೆಯ ಕುರ್ಚಿಯ ಹುಡುಗಿ ಮಾತ್ರ ಬಾಯಿ ಒರೆಸಿಕೊಳ್ಳುತ್ತಿದ್ದಳು. ಅವಳ ತಟ್ಟೆ ಖಾಲಿ.

ಅತ್ತಿಗೆ ಮುಖ್ಯ ಶಿಕ್ಷಕಿಯ ಮುಂದೆ ನಿಂತರು. "ಕಟ್ಲೆಟ್ ಕೆಟ್ಟಿದೆ ಮೇಡಂ. ನನಗೆ ವಾಸನೆ ತಿಳಿಯಲ್ಲ, ಮುಚ್ಚಿಟ್ಟಿದ್ದೆ. ಈ ಮಗೂನ ಈಗಲೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಇವರಮ್ಮನಿಗೂ ಹೇಳಿ." ಶಿಕ್ಷಕಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದರು. ಆಯಾ ಬಾಯಿಗೆ ಬಂದಂತೆ ಬೈದಳು.

ಸಂಜೆಯವರೆಗೆ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆವು. ಫೋನ್ ಬಡಿದುಕೊಂಡಾಗ ಅತ್ತಿಗೆ ಮುಟ್ಟಲಿಲ್ಲ. "ಎತ್ತಿ, ಒಳ್ಳೆ ಸುದ್ದಿ ಇರುತ್ತೆ," ಎಂದಿತು ಹೌದಪ್ಪ. ಅದರ ಕತ್ತು ಹಿಸುಕಬೇಕೆನಿಸಿತು. ನಾನೇ ಎತ್ತಿದೆ. ಹುಡುಗಿಯ ತಾಯಿ. ಮಗು ಮೂರ್ನಾಲ್ಕು ಸಲ ವಾಂತಿ ಮಾಡಿಕೊಂಡಿತ್ತಂತೆ. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರ್. ಈಗ ನೀರು ಕುಡಿದು ಮಲಗಿದೆಯಂತೆ. ಇಷ್ಟು ಹೇಳಿ, ಇನ್ನು ನಿಮ್ಮ ಮುಖ ತೋರಿಸಬೇಡಿ ಎಂದು ಫೋನ್ ಇಟ್ಟುಬಿಟ್ಟರು.

ಮಗು ಉಳಿಯಿತೆಂದು ನನ್ನ ಎದೆ ಹಗುರವಾಯಿತು. ಅತ್ತಿಗೆಯ ಮುಖ ಮಾತ್ರ ಇನ್ನೂ ಬಿಳುಚಿಕೊಂಡೇ ಇತ್ತು.

"ಜ್ವರ ಬಂದಾಗಿಂದ ಎಷ್ಟು ಮನೆಗೆ ಕೊಟ್ಟಿದೀನಿ," ಎಂದರು. "ಅದೆಲ್ಲ ಚೆನ್ನಾಗಿತ್ತಾ?"

"ಎಲ್ಲಾ ಚೆನ್ನಾಗಿತ್ತು!" ಎಂದಿತು ಹೌದಪ್ಪ.

ಅವರು ಕೇಳಿದ್ದು ಹೌದಪ್ಪನನ್ನಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ಮೂಸದೆಯೇ ಹೊಗಳಿದ ಬಟ್ಟಲುಗಳೆಲ್ಲ ಕಣ್ಣ ಮುಂದೆ ಬಂದವು. "ನಾನು ಮೂಸಿರಲೇ ಇಲ್ಲ ಅತ್ತಿಗೆ," ಎಂದೆ.