ಮೀನು ಕಾಣುವ ಕನಸು
ಲ್ಯಾಬಿನವರಿಗೆಲ್ಲ ಅವಳು ಮೀನಕ್ಕ. ಮೀನು ಕನಸು ಕಾಣುತ್ತದೆಯೇ ಎಂಬುದು ಅವಳ ಪಿಎಚ್‌ಡಿ; ಅದಕ್ಕೆ ಅನುದಾನ ಕೇಳುವ ಪ್ರಪೋಸಲನ್ನು ತಿದ್ದಿ ತಿದ್ದಿ ಅವಳ ಕಣ್ಣೂ ಮೀನಿನ ಹಾಗೆ ರೆಪ್ಪೆ ಬಡಿಯುವುದನ್ನೇ ಮರೆತಿದೆ. ವಾದ ಮಂಡಿಸುವ ತಾಲೀಮಿಗೆ ಹಿತ್ತಿಲಲ್ಲಿ ಒಣಹಾಕಿದ ಅಂಗಿಗಳೇ ಅವಳ ಅನುದಾನ ಸಮಿತಿ: ಗಾಳಿಗೆ ತೋಳು ಬೀಸಿದರೆ ಆಕ್ಷೇಪ, ಸುಮ್ಮನೆ ಜೋತುಬಿದ್ದರೆ ಒಪ್ಪಿಗೆ. “ನಿನ್ನ ವಾದ ಮುಗಿದಿದ್ರೆ ಬಟ್ಟೆ ತೆಗಿಯೇ” ಎಂದು ಅಮ್ಮ ಕೂಗುವವರೆಗೂ ಸಭೆ. ಆಮೇಲೆ ಹೋಗಿ, ಮಾತು ನಿಂತುಹೋದ ಅಜ್ಜಿಯ ಮಂಚದ ಬಳಿ ಕೂರುತ್ತಾಳೆ. ಅಜ್ಜಿ ನಿದ್ದೆಯಲ್ಲಿ ಯಾರನ್ನೋ ಕಂಡವಳಂತೆ ನಗುತ್ತಾಳೆ. ಕೊನೆಗೊಂದು ದಿನ ನಿಜವಾದ ಸಮಿತಿಯ ಹಿರಿಯರು, “ಮಾತು ಬಾರದ ಜೀವ ಕನಸು ಕಾಣ್ತಿದೆ ಅಂತ ನಿಮಗೆ ಹೇಗಮ್ಮ ಗೊತ್ತಾಗುತ್ತೆ?” ಎಂದಾಗ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. “ಪಕ್ಕದಲ್ಲೇ ಕೂತಿರ್ತೀನಿ ಸರ್” ಎಂದಳು. ಮೇಜಿನ ಸುತ್ತ ಒಂದು ತೋಳೂ ಅಲುಗಲಿಲ್ಲ.