ಅಕ್ಕನ ಟ್ರಾಕ್ಟರು, ಆಯಿಲ್ ಫಿಲ್ಟರು ಮತ್ತು ನಾನು

‘ನೀವು ಹೇಳಿದ್ದು ಸರಿ ಸಾರ್’ ಅಂದರು ಅಂಗಡಿಯವರು. ನಾನು ಏನನ್ನೂ ಹೇಳಿರಲಿಲ್ಲ. ಆದರೂ ತಲೆಯಾಡಿಸಿದೆ!

ಹೋದ ಶನಿವಾರದ ಮಾತು. ನಂಜನಗೂಡಿನ ಕಡೆ ಹಳ್ಳಿಯಲ್ಲಿರುವ ನಮ್ಮಕ್ಕ ಬೆಳಗಿನ ಬಸ್ಸಿಗೇ ಚಾಮರಾಜಪುರಂನ ನಮ್ಮ ಮನೆಗೆ ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಟ್ರಾಕ್ಟರಿನ ಆಯಿಲ್ ಫಿಲ್ಟರು. ಅವರ ಮನೆಯ ಟ್ರಾಕ್ಟರ್ ಓಡಿಸುವವಳು ಅವಳೇ. (ಭಾವನಿಗೆ ಸೈಕಲ್ಲಿಗಿಂತ ದೊಡ್ಡದು ಯಾವುದೂ ಆಗಿಬರುವುದಿಲ್ಲ.)

‘ಮಂಡಿ ಮೊಹಲ್ಲಾದಲ್ಲಿ ತಗಂಡೋಗಿ ಹೊಸದಾಗಿ ಹಾಕ್ದೆ ಕಣೋ. ಅವತ್ತಿಂದ ಬೆಳಿಗ್ಗೆ ಸ್ಟಾರ್ಟ್ ಮಾಡುದ್ರೆ ಇಂಜಿನ್ನು ಟಕಟಕ ಅಂತದೆ, ಆಯಿಲ್ ಲೈಟು ಬೇಗ ಆರಲ್ಲ. ಬದ್ಲಾಯ್ಸಿ ಅಂದ್ರೆ ಅಂಗಡಿಯವ್ರು ನನ್ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ನೀನೂ ಬಾ.’

ಸ್ಕೂಟರಿನಲ್ಲಿ ಹೋದೆವು. ಅಂಗಡಿಯವರು ಅಕ್ಕನನ್ನು ಬಿಟ್ಟು ನನ್ನ ಮುಖ ನೋಡಿದರು. ‘ಏನ್ ಸಾರ್ ಪ್ರಾಬ್ಲಮ್ಮು?’

ಅಕ್ಕನೇ ಹೇಳಿದಳು. ಅವಳ ಟ್ರಾಕ್ಟರಿನಲ್ಲಿ ಫಿಲ್ಟರ್ ಅಡ್ಡಡ್ಡ ಕೂರುತ್ತದೆ. ಇಂಜಿನ್ ನಿಂತಾಗ ಅದರೊಳಗಿನ ಆಯಿಲ್ ವಾಪಸ್ ಕೆಳಕ್ಕೆ ಹರಿದುಹೋಗಬಾರದು. ಅದಕ್ಕೇ ಫಿಲ್ಟರಿನ ಬಾಯಲ್ಲಿ ಒಂದು ರಬ್ಬರ್ ವಾಲ್ವು. ಆಯಿಲ್ ನುಗ್ಗಿದರೆ ತೆರೆದುಕೊಳ್ಳುತ್ತದೆ, ನಿಂತರೆ ಮುಚ್ಚಿಕೊಳ್ಳುತ್ತದೆ. ಮುಚ್ಚದೇ ಹೋದರೆ? ಬೆಳಗ್ಗೆ ಫಿಲ್ಟರ್ ಖಾಲಿ. ಅದು ತುಂಬುವ ತನಕ ಬೇರಿಂಗುಗಳು ಆಯಿಲ್ ಸಿಗದೆ ತಿರುಗಬೇಕು. ದಿನಾ ಹೀಗಾದರೆ ಇಂಜಿನ್ನಿನ ಗತಿಯೇನು?

‘ಅಮ್ಮಾವ್ರಿಗೆ ಯಾರೋ ಚೆನ್ನಾಗಿ ತಲೆ ತುಂಬವ್ರೆ ಸಾರ್’ ಎಂದು ಅಂಗಡಿಯವರು ನಕ್ಕರು.

ನಾನೂ ನಕ್ಕೆ.

ಯಾಕೆ ನಕ್ಕೆ? ತಮಾಷೆ ಏನಿತ್ತು? ಎದುರಿನ ಗಂಡಸು ನಕ್ಕ, ನಾನೂ ನಕ್ಕೆ, ಅಷ್ಟೇ.

ಅಕ್ಕ ತಲೆಯಿಂದ ಹೇರ್‌ಪಿನ್ ಕಿತ್ತಳು. ಫಿಲ್ಟರಿನ ಬಾಯಿಯ ಸಣ್ಣ ತೂತಿನಲ್ಲಿ ತೂರಿಸಿ ರಬ್ಬರನ್ನು ಒತ್ತಿದಳು. ಒಳಕ್ಕೆ ಹೋದ ರಬ್ಬರು ಅಲ್ಲೇ ನಿಂತಿತು. ‘ವಾಪಸ್ ಬರ್ಬೇಕಲ್ವಾ ಇದು? ಗಟ್ಟಿಯಾಗ್ಬುಟ್ಟದೆ ನೋಡಿ.’ ಕೌಂಟರಿನ ಮೇಲಿದ್ದ ಬೇರೊಂದು ಫಿಲ್ಟರನ್ನೂ ಹಾಗೇ ಒತ್ತಿದಳು. ಅದರ ರಬ್ಬರು ಪಟಕ್ಕನೆ ಮುಚ್ಚಿಕೊಂಡಿತು.

ಅಂಗಡಿಯವರ ನಗು ನಿಂತಿತು. ಬೇರೆ ಫಿಲ್ಟರ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದೇ ಆ ಮಾತು: ‘ನೀವು ಹೇಳಿದ್ದು ಸರಿ ಸಾರ್.’

ಅಕ್ಕ ನನ್ನನ್ನೇ ನೋಡುತ್ತಿದ್ದಳು.

‘ಪರವಾಗಿಲ್ಲ ಬಿಡಿ’ ಅಂದೆ. ದೊಡ್ಡ ಮನುಷ್ಯ!

ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ನನ್ನ ಹೆಂಡತಿ ಕೇಳಿದಳು, ‘ಏನಾಯ್ತು ಅತ್ತಿಗೆ?’

‘ಕೊಟ್ರು ಕಣಮ್ಮ. ಇವ್ನು ಬಂದಿದ್ದಕ್ಕೆ ಆಯ್ತು.’

ಕುಟುಕುವ ಮಾತಾಗಿದ್ದರೆ ಸಹಿಸಬಹುದಿತ್ತು. ಅಕ್ಕ ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಸಾರು ಕಲಸಿಕೊಂಡು ಕೂತೆ.

ಮೊನ್ನೆ ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು. ಇಂಜಿನ್ ಸದ್ದಿಲ್ಲದೆ ಸ್ಟಾರ್ಟ್ ಆಗುತ್ತಿದೆಯಂತೆ. ‘ಇನ್ನೊಂದ್ಸಲ ಅಂಗಡಿಗೆ ಹೋಗೋದಿದ್ರೆ ನಿನ್ನೇ ಕರ್ಕೊಂಡೋಗ್ತೀನಿ ಬುಡು’ ಅಂದಳು.

‘ಹೇಳಿದ್ದು ನಾನಲ್ಲ, ನಮ್ಮಕ್ಕ’ ಅನ್ನುವುದಕ್ಕೆ ನನಗೆ ಏನಾಗಿತ್ತು ಧಾಡಿ?