ಕಿವಿ ಪಸಂದಾಗಿದೆ ಎಂದವನು ನಾನೇ

ಹದಿನಾಲ್ಕು ವರ್ಷದಿಂದ ನಾನು ಮಾಡಿಕೊಂಡು ಬಂದ ಪಾಠವನ್ನು ಹೋದ ವಾರ ನಮ್ಮ ಮನೆಯ ಪ್ರೆಶರ್ ಕುಕ್ಕರ್ ಎರಡೇ ವಿಶಲ್ಲಿನಲ್ಲಿ ಮುಗಿಸಿಬಿಟ್ಟಿತು.

ನನ್ನ ಕಸುಬು ಇದು. ಕೊಯಮತ್ತೂರಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ಕಲಿಸುವುದು. (ನನಗೆ ಮಕ್ಕಳಿಲ್ಲ. ಅದು ಈ ಕೆಲಸಕ್ಕೆ ಅಡ್ಡಿಯಲ್ಲವಂತೆ.) ಮಗು ಬಲೂನಿನ ಹಾಗೆ ಎಲ್ಲ ಕಡೆಯಿಂದ ಒಟ್ಟಿಗೆ ಉಬ್ಬುವುದಿಲ್ಲ, ಮೆಟ್ಟಿಲು ಹತ್ತುತ್ತದೆ. ಮೊದಲು ಕತ್ತು ನಿಲ್ಲಬೇಕು, ಆಮೇಲೆ ಸೊಂಟ, ಆಮೇಲೆ ಕಾಲು. ಸದ್ದು ಬಂದ ಕಡೆ ತಿರುಗಬೇಕು, ತೊದಲಬೇಕು, ವರ್ಷದ ಆಸುಪಾಸಿನಲ್ಲಿ ಒಂದು ಮಾತು ಬರಬೇಕು, ಎರಡರ ಹೊತ್ತಿಗೆ ಎರಡು ಮಾತು ಜೋಡಿಸಬೇಕು. ಒಂದು ಮಗು ಬೇಗ ಹತ್ತುತ್ತದೆ, ಇನ್ನೊಂದು ಮೆಟ್ಟಿಲ ಮೇಲೆ ಕೂತು ಆಡುತ್ತದೆ. ಇದನ್ನೆಲ್ಲ ಚಾರ್ಟಿನಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದ್ದೇನೆ.

ಹೋದ ದೀಪಾವಳಿಗೆ ಹೆಂಡತಿಯ ಜೊತೆ ಪೊಳ್ಳಾಚಿಯ ಕಡೆಯ ಒಂದು ಹಳ್ಳಿಗೆ ಸೀರೆ ಕೊಳ್ಳಲು ಹೋಗಿದ್ದೆ. ನೇಕಾರರ ಮನೆ. ನಾವು ತಡವರಿಸುತ್ತ ತಮಿಳು ಶುರು ಮಾಡಿದರೆ, ಒಳಗಿನಿಂದ ಬಂದ ಉತ್ತರ ಕನ್ನಡ! ತಲೆತಲಾಂತರದಿಂದ ಅಲ್ಲೇ ಇರುವವರು. ಅಕ್ಷರ ಬಾರದು, ಮಾತು ಉಂಟು. ಸೀರೆ ಮರೆತು ಹರಟೆಗೆ ಕೂತೆವು.

ಮಣ್ಣು ನೆಲದಲ್ಲಿ ಗುಂಡಿ ಮಗ್ಗ. ಮನೆಯ ಯಜಮಾನ ನಟರಾಜ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಪಕ್ಕದಲ್ಲೇ ನೆಲದ ಮೇಲೆ ಅವನ ಮಗಳು ಸೌಂದರಿ, ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದಳು. ನಾನು ಕಾಲೇಜು ಮೇಷ್ಟರೆಂದು ಗೊತ್ತಾದದ್ದೇ ಅವಳ ತಾಯಿ ರುಕ್ಮಿಣಿ ಹತ್ತಿರ ಬಂದಳು.

“ಎರಡು ವಯಸ್ಸು ಆಗೋಯ್ತು ಸಾರ್. ಅಮ್ಮಾ ಅಂತ ಕೂಡ ಹೇಳಲಿಲ್ಲೆ.”

“ಇವಳಪ್ಪನೂ ನಾಲ್ಕು ವಯಸ್ಸಿಗೆ ತಾನೇ ಬಾಯಿ ತೆಗೆದಿದ್ದು. ರುಕ್ಮಿಣಿ ಸುಮ್ಮನೆ ಕವಲೆ ಪಡ್ತಾಳೆ” ಎಂದರು ಅವಳ ಅತ್ತೆ. “ಕಾದು ನಲ್ಲಾ ಕೇಳ್ತದೆ ಸಾರ್. ತರಿ ನಿಂತ್ರೆ ಸಾಕು, ತಿರುಗಿ ನೋಡ್ತಾಳೆ.”

ಕವಲೆ ಎಂದರೆ ಚಿಂತೆ, ತರಿ ಎಂದರೆ ಮಗ್ಗ, ಕಾದು ಎಂದರೆ ಕಿವಿ. ನಾನು ವಿಜ್ಞಾನದವನು, ಬಾಯಿಮಾತು ನಂಬುತ್ತೇನೆಯೇ? ಪರೀಕ್ಷೆ ಮಾಡಿದೆ. ಮಗುವಿಗೆ ಕಾಣದಂತೆ ನಟರಾಜನಿಗೆ ಕೈಸನ್ನೆ ಮಾಡಿ ಮಗ್ಗ ನಿಲ್ಲಿಸಿದೆ. ಸೌಂದರಿ ತಟ್ಟನೆ ತಿರುಗಿದಳು. ಮತ್ತೆ ಶುರು ಮಾಡಿಸಿದೆ. ನಕ್ಕಳು. ಮೂರು ಸಲ ಮಾಡಿದೆ, ಮೂರು ಸಲವೂ ಪಾಸು.

“ಕಿವಿ ಪಸಂದಾಗಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡರ ನಡುವೆ ಸ್ವಲ್ಪ ತಡ ಅಷ್ಟೆ” ಎಂದೆ. ರುಕ್ಮಿಣಿಯ ಮುಖ ಅರಳಿತು. ಸೀರೆಯ ಜೊತೆ ಒಂದು ಬಾಳೆಗೊನೆಯನ್ನೂ ಕೊಟ್ಟು ಕಳಿಸಿದರು. ಈ ಪರೀಕ್ಷೆಯನ್ನು ನಾನು ತರಗತಿಯಲ್ಲಿ ಉದಾಹರಣೆಯಾಗಿ ಬೇರೆ ಹೇಳಿದೆ. ಹುಡುಗಿಯರು ನೋಟ್ಸ್ ಬರೆದುಕೊಂಡರು.

ಎಂಟು ತಿಂಗಳು ಕಳೆಯಿತು. ಹೋದ ವಾರ ರುಕ್ಮಿಣಿ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಮಗುವಿಗೆ ಮಾತು ಬರಲೆಂದು ಮರುದಮಲೆ ಬೆಟ್ಟದ ದೇವರಿಗೆ ಹರಕೆ ಹೊತ್ತು ಇಳಿದು ಬಂದಿದ್ದಳು. ಹಾಗೇ ಸಾರ್ ಮನೆಗೂ ಒಂದು ತೆಂಗಿನಕಾಯಿ. ಸೌಂದರಿ ನಡುಮನೆಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕೂತು ನನ್ನ ಪೆನ್ನುಗಳನ್ನು ಜೋಡಿಸತೊಡಗಿದಳು.

ಕುಕ್ಕರ್ ಕೂಗಿತು.

ರುಕ್ಮಿಣಿ ಬೆಚ್ಚಿಬಿದ್ದಳು (ಅವಳ ಮನೆಯಲ್ಲಿ ಕುಕ್ಕರ್ ಇಲ್ಲ). ಮಗು ತಲೆ ಎತ್ತಲಿಲ್ಲ. ಇನ್ನೊಂದು ವಿಶಲ್. ಮಗು ಕೆಂಪು ಪೆನ್ನನ್ನು ನೀಲಿಯ ಪಕ್ಕ ಇಟ್ಟಿತು.

ನಾನು ಒಂದು ಸ್ಟೀಲ್ ತಟ್ಟೆ ತಂದು ಅವಳ ಹಿಂದೆ ನೆಲಕ್ಕೆ ಬಿಟ್ಟೆ. ತಿರುಗಿದಳು. ಅಬ್ಬ ಎನಿಸಿತು. ಆದರೂ ಅನುಮಾನ ಹೋಗಲಿಲ್ಲ. ಅವಳನ್ನು ಮಂಚದ ಹಾಸಿಗೆಯ ಮೇಲೆ ಕೂರಿಸಿ, ಅದೇ ತಟ್ಟೆಯನ್ನು ಕೈಯಲ್ಲೇ ಹಿಡಿದು, ಅವಳ ತಲೆಯ ಹಿಂದೆ ಸೌಟಿನಿಂದ ಬಾರಿಸಿದೆ. ಕೆಳಗಿನ ಮನೆಯವರು ಏನಾಯಿತೆಂದು ಹೊರಗೆ ಬಂದರು. ಸೌಂದರಿ ದಿಂಬಿನ ಅಂಚು ಎಳೆಯುತ್ತ ಕೂತಿದ್ದಳು.

ಆಗ ಗೊತ್ತಾಯಿತು. ಗುಂಡಿ ಮಗ್ಗದ ಒಂದೊಂದು ಏಟಿಗೂ ಆ ಮಣ್ಣು ನೆಲ ಅದುರುತ್ತದೆ. ಹುಟ್ಟಿದಾಗಿನಿಂದ ಆ ನೆಲದ ಮೇಲೇ ಇದ್ದವಳು. ಅದುರು ನಿಂತರೆ ತಿರುಗುತ್ತಾಳೆ, ಶುರುವಾದರೆ ನಗುತ್ತಾಳೆ. ಅಂಗೈಯಿಂದ, ತೊಡೆಯಿಂದ ಅವಳು ಮಗ್ಗವನ್ನು ತಿಳಿಯುತ್ತಿದ್ದಳು. ನಾನು ಕಿವಿಗೆ ಮಾರ್ಕ್ಸ್ ಕೊಟ್ಟುಬಿಟ್ಟಿದ್ದೆ. ಆ ಮನೆಯವರು ಹಾಗೆ ತಿಳಿದದ್ದು ಸಹಜ. ನನಗೆ ಸಂಬಳ ಕೊಡುವುದು ಯಾತಕ್ಕೆ?

ಮಗುವಿಗೆ ಕಿವಿ ಕೇಳಿಸುತ್ತಿಲ್ಲವೆಂದು ರುಕ್ಮಿಣಿಗೆ ಹೇಳಿದೆ. ಅವಳು ಅಳಲಿಲ್ಲ. ಮಗಳನ್ನು ಮಡಿಲಿಗೆ ಎಳೆದುಕೊಂಡಳು.

“ಹಾಗಂದ್ರೆ, ತೊಟ್ಟಿಲಲ್ಲಿ ನಾನು ಹಾಡಿದ್ದು ಒಂದೂ ಅವಳಿಗೆ ಕೇಳಲಿಲ್ಲೆಯಾ ಸಾರ್?”

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ. ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ, ಕೇಳದ ಮಗುವಿಗೆ ಒಂದೊಂದು ತಿಂಗಳೂ ನಷ್ಟ ಎಂದು ನಾನೇ ಪಾಠ ಮಾಡುತ್ತೇನೆ. ಎಂಟು ತಿಂಗಳನ್ನು ನುಂಗಿದವನೂ ನಾನೇ.

ಮಾರನೆಯ ದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎರಡು ಗಂಟೆ ಪರೀಕ್ಷೆ ಮಾಡಿದರು. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ, ಮಷಿನ್ ಹಾಕಿ ದಿನಾ ಮಾತಾಡಿಸಿದರೆ ಪ್ರಯೋಜನ ಆಗಬಹುದು ಎಂದರು. ಆಮೇಲೆ ತಮಿಳಿನಲ್ಲಿ ಗದರಿಕೊಂಡರು, “ಇಷ್ಟು ದಿವಸ ಏನು ಮಾಡುತ್ತಿದ್ದೆಯಮ್ಮಾ? ಮುಂಚೆಯೇ ಕರೆತಂದಿದ್ದರೆ ಎಷ್ಟು ಚೆನ್ನಾಗಿತ್ತು.”

“ಓದಿದವರು ಒಬ್ಬರು ನೋಡಿ ಏನೂ ಇಲ್ಲ ಅಂದರು ಡಾಕ್ಟರ್” ಎಂದಳು ರುಕ್ಮಿಣಿ.

“ಯಾರು ಆ ಮಹಾನುಭಾವ?”

ರುಕ್ಮಿಣಿ ನನ್ನ ಕಡೆ ತಿರುಗಲಿಲ್ಲ. ಮಗಳ ಲಂಗ ಸರಿಮಾಡಿದಳು. ಅವಳ ಪಕ್ಕದಲ್ಲೇ ನಿಂತಿದ್ದ ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಮೂರು ವರ್ಷ ಹತ್ತಿರವಾದರೂ ಮಾತು ಬಾರದಿದ್ದರೆ ತೋರಿಸಲು ಡಾಕ್ಟರಿದ್ದಾರೆ; ನನ್ನ ಹಾಗೆ ನಲವತ್ತೆರಡಕ್ಕೂ ಬಾರದಿದ್ದರೆ?